ಕುಮಾರಸ್ವಾಮಿ ಲೇಔಟಿನ ಬೇಲರ್ ಮತ್ತು ಮುರಿಯದ ಬೋಲ್ಟು

ಎರಡು ವರ್ಷದ ಹಿಂದಿನ ಧನುರ್ಮಾಸ. ಆಗ ನಾನು ಜಯನಗರದಲ್ಲಿ, ಹಳೆಯ ಯಂತ್ರಗಳನ್ನು ಪರೀಕ್ಷಿಸಿ ವರದಿ ಕೊಡುವ ಪುಟ್ಟ ಕಚೇರಿಯೊಂದರಲ್ಲಿ ಸಹಾಯಕ ಇನ್‌ಸ್ಪೆಕ್ಟರ್. ಹುದ್ದೆಯ ಹೆಸರು ಕೇಳಿದರೆ ಪೊಲೀಸ್ ಜೀಪು ನೆನಪಾಗಬಹುದು. ನನಗಿದ್ದದ್ದು ಒಂದು ಟಾರ್ಚು, ಒಂದು ಸ್ಪ್ಯಾನರ್ ಸೆಟ್ಟು ಮತ್ತು ಕಿಕ್ ಹೊಡೆದರೆ ಮಾತ್ರ ಏಳುವ ಸ್ಕೂಟರು. ಕಚೇರಿ ಎಂದರೆ ದರ್ಶಿನಿಯೊಂದರ ಮೇಲಿನ ಎರಡು ಕೋಣೆ. ನಮ್ಮ ವರದಿಗಳೆಲ್ಲ ಸ್ವಲ್ಪ ಮಸಾಲೆ ದೋಸೆ ವಾಸನೆ ಹೊಡೆಯುತ್ತಿದ್ದವು.

ಕೆಲಸ ಸರಳ. ಯಾರಾದರೂ ಸೆಕೆಂಡ್ ಹ್ಯಾಂಡ್ ಜನರೇಟರ್, ಲೇತ್ ಅಥವಾ ಬೇಕರಿ ಒಲೆ ಕೊಳ್ಳುವ ಮುಂಚೆ ನಾವು ಹೋಗಿ ನೋಡಬೇಕು. ಹೊಸ ಬಣ್ಣದ ಕೆಳಗೆ ಏನಿದೆ, ಇನ್ನೆಷ್ಟು ದಿನ ಬಾಳುತ್ತದೆ ಎಂದು ಬರೆದುಕೊಡಬೇಕು. ನೋಡುವುದು, ಬಗ್ಗುವುದು, ಗ್ರೀಸು ಮೆತ್ತಿಕೊಳ್ಳುವುದು ನನ್ನ ಪಾಲು. ಸಹಿ ಹಾಕುವವರು ಮಾತ್ರ ನಮ್ಮ ಯಜಮಾನರಾದ ಮೂರ್ತಿ ಸಾರ್.

ನನಗೆ ಸಹಿ ಹಾಕುವ ಅಧಿಕಾರ ಯಾಕಿರಲಿಲ್ಲ ಎಂದರೆ, ನಾನು ಮಿಮಿಕ್ರಿ ಮಾಡುತ್ತಿದ್ದೆ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಎರಡು ಹಾಡಿನ ನಡುವೆ ಜನ ಎದ್ದು ಹೋಗದ ಹಾಗೆ ತಡೆಯುವವನು ನಾನೇ. ಹಕ್ಕಿ, ಆಟೋ, ಪ್ರೆಷರ್ ಕುಕ್ಕರ್, ಮೂರ್ತಿ ಸಾರ್ ಎಲ್ಲವೂ ನನ್ನ ಗಂಟಲಲ್ಲಿದ್ದವು. ಮೂರ್ತಿ ಸಾರ್ ಪ್ರತಿ ಮಾತಿಗೂ “ಏನಪ್ಪಾ ಅಂದ್ರೆ” ಎಂದು ಶುರು ಮಾಡಿ, ಏನು ಎಂಬುದನ್ನು ಹೇಳುವಷ್ಟರಲ್ಲಿ ಕಾಫಿ ಆರಿಹೋಗಿರುತ್ತಿತ್ತು. ಒಮ್ಮೆ ಪಾರ್ಟಿಯೊಬ್ಬರ ಮುಂದೆ ನಾನು ಅವರ ಹಾಗೆಯೇ ಮಾತಾಡುತ್ತಿದ್ದಾಗ, ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದ ಅವರು, “ಏನಪ್ಪಾ ಅಂದ್ರೆ, ನನಗಿಂತ ಚೆನ್ನಾಗಿ ಮಾತಾಡ್ತೀಯ. ಆದ್ರೆ ನೀನು ಹೇಳಿದ್ದನ್ನ ನಂಬೋರ್ ಯಾರೋ?” ಎಂದಿದ್ದರು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಅವರು ಬೈಯಲಿಲ್ಲ.

ಆ ಧನುರ್ಮಾಸದಲ್ಲಿ ಮೂರ್ತಿ ಸಾರ್ ಮಂಡಿ ಆಪರೇಷನ್ ಮಾಡಿಸಿಕೊಂಡು ಬನಶಂಕರಿಯ ಮನೆಯಲ್ಲಿ ಕಾಲು ಚಾಚಿ ಮಲಗಿದ್ದರು. ಕಚೇರಿಯಲ್ಲಿ ನಾನೊಬ್ಬನೇ ಇದ್ದಾಗ ಮೆಟ್ಟಿಲು ಹತ್ತಿ ಬಂದವರು ಲಕ್ಷ್ಮಕ್ಕ. ಮಡಿವಾಳದ ಹಳೇ ಊರಿನ ಒಕ್ಕಲು ಮನೆತನ. ಅವರ ಮಾವ ರಾಗಿ ಬೆಳೆಯುತ್ತಿದ್ದ ಹೊಲವೇ ಈಗಿನ ಬಿಟಿಎಂ ಲೇಔಟಿನ ಒಂದು ಅಡ್ಡರಸ್ತೆ. ಲಕ್ಷ್ಮಕ್ಕನಿಗೆ ಅಲ್ಲಿ ಮೂರು ಪಿಜಿ ಕಟ್ಟಡಗಳಿದ್ದವು. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದರು. ಹಳೇ ಮನೆಯ ಹಿತ್ತಲಲ್ಲಿ ಇನ್ನೂ ಹಸು ಕಟ್ಟಿದ್ದರು. ಅದರ ಜೊತೆಗೆ ಮಳವಳ್ಳಿ ಕಡೆ ಭತ್ತದ ಹುಲ್ಲು ಕೊಂಡು, ಬೆಂಗಳೂರಿನ ಸುತ್ತಲಿನ ಡೈರಿಗಳಿಗೆ ಒದಗಿಸುವ ವ್ಯಾಪಾರವನ್ನೂ ಶುರು ಮಾಡಿದ್ದರು.

“ಮೂರ್ತಿಯೋರಿಲ್ವಾ?”

“ರೆಸ್ಟಲ್ಲಿದ್ದಾರೆ ಅಕ್ಕ. ನಾನಿದ್ದೀನಲ್ಲ.”

ನನ್ನನ್ನು ಮೇಲಿಂದ ಕೆಳಗೆ ನೋಡಿದರು. ತರಕಾರಿ ಅಂಗಡಿಯಲ್ಲಿ ಮೂಲಂಗಿ ನೋಡುವ ಹಾಗೆ. “ಹುಲ್ಲು ಕಟ್ಟೋ ಮೆಷಿನ್ ನೋಡಕ್ಕೆ ಬರ್ತದೇನಪ್ಪ ನಿಂಗೆ? ದೊಡ್ಡದು. ಚೌಕ ಕಟ್ಟೋದು.”

ಬರುತ್ತಿತ್ತು. ಅದರ ಹಿಂದಿನ ವರ್ಷ ಸಿಂಧನೂರು ಕಡೆ ಇಂಥದ್ದೇ ಒಂದು ಬೇಲರ್ ಪರೀಕ್ಷೆಗೆಂದು ಮೂರ್ತಿ ಸಾರ್ ಜೊತೆ ಹೋಗಿ, ಗದ್ದೆಯಲ್ಲಿ ವಾರವಿಡೀ ಧೂಳು ಕುಡಿದಿದ್ದೆ. ಆ ಯಂತ್ರದ ಸದ್ದನ್ನು ಗಂಟಲಿಗಿಳಿಸಿಕೊಂಡು ಬಂದು ಆರ್ಕೆಸ್ಟ್ರಾದಲ್ಲಿ ಮಾಡಿಯೂ ತೋರಿಸಿದ್ದೆ. ಒಬ್ಬನೂ ಚಪ್ಪಾಳೆ ತಟ್ಟಲಿಲ್ಲ. ಹುಲ್ಲು ಕಟ್ಟುವ ಯಂತ್ರದ ಸದ್ದಿಗೆ ಜೆಪಿ ನಗರದಲ್ಲಿ ಮಾರ್ಕೆಟ್ ಇಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಸಾಲಾಗಿ ಬಿದ್ದ ಹುಲ್ಲನ್ನು ಎತ್ತಿಕೊಂಡು, ಒತ್ತಿ, ದಾರದಿಂದ ಕಟ್ಟಿ ಹಿಂದಿನಿಂದ ಹೊರಹಾಕುವ ಯಂತ್ರವೇ ಬೇಲರ್. ನಮ್ಮ ಕಡೆ ಸಾಮಾನ್ಯವಾಗಿ ಕಾಣುವುದು ಸಣ್ಣ ಬೇಲರ್; ಅದು ಚಾಪೆ ಸುತ್ತಿದ ಹಾಗೆ ಉರುಳೆ ಕಟ್ಟುತ್ತದೆ. ಉರುಳೆಗಳನ್ನು ಲಾರಿಗೆ ತುಂಬಿದರೆ ನಡುವೆ ಗಾಳಿಯೇ ಅರ್ಧ. ದೊಡ್ಡ ಚೌಕದ ಬೇಲರ್ ಕಟ್ಟುವ ಒಂದೊಂದು ಹೊರೆ ಗೋದ್ರೇಜ್ ಬೀರು ಮಲಗಿಸಿದಷ್ಟು ದೊಡ್ಡದು, ಮುನ್ನೂರು ಕಿಲೋ ಆಸುಪಾಸು ತೂಗುತ್ತದೆ, ಇಟ್ಟಿಗೆಯಂತೆ ಒಂದರ ಮೇಲೊಂದು ಕೂರುತ್ತದೆ. ಒಂದೇ ಲಾರಿಯಲ್ಲಿ ಎರಡು ಲಾರಿಯ ಹುಲ್ಲು ಬರುತ್ತದೆ. ಆದರೆ ಅದನ್ನೆಳೆಯಲು ಊರಿನ ಮಾಮೂಲಿ ಟ್ರಾಕ್ಟರ್ ಸಾಲದು, ನೂರಿಪ್ಪತ್ತು ಎಚ್‌ಪಿಗಿಂತ ಮೇಲಿರಬೇಕು. ಇನ್ನು ಬಿಡಿಭಾಗ ಹೋದರೆ ಹಡಗಿನಲ್ಲೇ ಬರಬೇಕು.

“ಈ ಬೇಸಿಗೆ ಪೂರ್ತಿ ಮೇವು ನಾನೇ ಕೊಡ್ತೀನಿ ಅಂತ ಡೈರಿಯೋರ್ಗೆಲ್ಲ ಮಾತು ಕೊಟ್ಟಿದ್ದೀನಿ,” ಎಂದರು ಲಕ್ಷ್ಮಕ್ಕ. “ಸಂಕ್ರಾಂತಿ ಆಗ್ತಿದ್ದಂಗೆ ಮೆಷಿನ್ ಗದ್ದೆಗಿಳೀಬೇಕು. ನಮ್ಮ ಮೈದುನ ಬಾಬು ಊರೆಲ್ಲ ಹೇಳ್ಕೊಂಡು ತಿರುಗ್ತವ್ನೆ, ಪಿಜಿ ಹುಡುಗರಿಗೆ ಅನ್ನ ಹಾಕೋಳು ಹಸೂಗೆ ಹುಲ್ಲು ಹಾಕಕ್ಕೆ ಹೊರಟವ್ಳೆ ಅಂತ. ಮೆಷಿನ್ ಮಧ್ಯದಲ್ಲಿ ಕೈ ಕೊಟ್ರೆ ಸೀಸನ್ನೂ ಹೋಯ್ತು, ನನ್ನ ಮಾತೂ ಹೋಯ್ತು.”

ಮೂರ್ತಿ ಸಾರ್‌ಗೆ ಫೋನ್ ಮಾಡಿದೆ. “ಏನಪ್ಪಾ ಅಂದ್ರೆ,” ಎಂದರು, ನೋವಿನಲ್ಲೂ ಅದೇ ವೇಗ, “ಲಕ್ಷ್ಮಮ್ಮೋರು ಹಳೇ ಪಾರ್ಟಿ. ಹೋಗಿ ನೋಡು. ಕೋತಿ ಆಟ ಆಡ್ಬೇಡ.”

ಬೇಲರ್ ಇದ್ದದ್ದು ಕುಮಾರಸ್ವಾಮಿ ಲೇಔಟಿನಲ್ಲಿ, ಎರಡು ಮನೆಗಳ ನಡುವಿನ ಖಾಲಿ ಸೈಟಿನಲ್ಲಿ. ಮಾಲೀಕ ನಂಜುಂಡಯ್ಯ ರಿಟೈರ್ಡ್ ಕಂಟ್ರಾಕ್ಟರ್. ಪಾಲುದಾರನೊಬ್ಬನ ಜೊತೆ ಸೇರಿ ವಿದೇಶದಿಂದ ಹಳೇ ಬೇಲರ್ ತರಿಸಿ, ಎರಡು ಸೀಸನ್ ದುಡಿಸಿ, ಪಾಲುದಾರಿಕೆ ಮುರಿದ ಮೇಲೆ ಯಂತ್ರವನ್ನೂ ಅದರ ದೊಡ್ಡ ಟ್ರಾಕ್ಟರನ್ನೂ ಮನೆ ಪಕ್ಕಕ್ಕೇ ತಂದು ನಿಲ್ಲಿಸಿದ್ದರು. ಲಾರಿಗಿಂತ ಎತ್ತರದ ಆ ಕೆಂಪು ಆಕೃತಿಯನ್ನು ಬೀದಿಯವರು ಮೆಟ್ರೋ ಸುರಂಗ ಕೊರೆಯುವ ಯಂತ್ರ ಎಂದೇ ನಂಬಿದ್ದರು. ಎದುರು ಮನೆಯ ಆಂಟಿ, ಲಕ್ಷ್ಮಕ್ಕನ ಜೊತೆ ಬಂದ ನನ್ನನ್ನು ತಡೆದು, “ನಮ್ಮ ಮನೆ ಕೆಳಗೇ ಹೋಗುತ್ತಾ ಲೈನು?” ಎಂದು ಕೇಳಿದರು. “ಇಲ್ಲ ಆಂಟಿ, ಅಡುಗೆಮನೆ ಪಕ್ಕ ಸ್ವಲ್ಪ ಬಳಸ್ಕೊಂಡು ಹೋಗುತ್ತೆ,” ಎಂದುಬಿಟ್ಟೆ. ಕೋತಿ ಆಟ ಎಂದು ಮೂರ್ತಿ ಸಾರ್ ಹೇಳಿದ್ದು ಇದನ್ನೇ.

ನಂಜುಂಡಯ್ಯ ಯಂತ್ರಕ್ಕೆ ಹೊಸ ಬಣ್ಣ ಹೊಡೆಸಿದ್ದರು, ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಟ್ರಾಕ್ಟರಿಗೆ ಜೋಡಿಸಿ ಖಾಲಿ ಓಡಿಸಿದರು. ಬೇಲರಿನ ಎದೆಯಲ್ಲಿ ಪ್ಲಂಜರ್ ಎಂಬ ದೊಡ್ಡ ಕಬ್ಬಿಣದ ಗೋಡೆಯೊಂದು ಹಿಂದೆ ಮುಂದೆ ಓಡಾಡುತ್ತ ಹುಲ್ಲನ್ನು ಗುದ್ದಿ ಒತ್ತುತ್ತದೆ. ಅದು ಬೆಣ್ಣೆಯಂತೆ ಓಡಿತು. ಗಂಟು ಹಾಕುವ ನಾಟರ್‌ಗಳು ಸರಿಯಾಗಿದ್ದವು, ದಾರ ಒಯ್ಯುವ ಸೂಜಿಗಳು ನೆಟ್ಟಗಿದ್ದವು. ಲಕ್ಷ್ಮಕ್ಕನ ಕಣ್ಣು ಆಗಲೇ ಆ ಯಂತ್ರವನ್ನು ಮಳವಳ್ಳಿ ಗದ್ದೆಗೆ ಇಳಿಸಿಯಾಗಿತ್ತು.

“ಧನುರ್ಮಾಸ ಅಲ್ದಿದ್ರೆ ಇವತ್ತೇ ಅಡ್ವಾನ್ಸ್ ಕೊಟ್ಬಿಡ್ತಿದ್ದೆ,” ಎಂದರು. ಈ ತಿಂಗಳಲ್ಲಿ ಹೊಸ ವ್ಯವಹಾರ ಮಾಡುವುದಿಲ್ಲ ಎಂಬುದು ಅವರ ಮನೆಯ ಕಟ್ಟು. ಸಂಕ್ರಾಂತಿಯ ದಿನ ಅಡ್ವಾನ್ಸ್ ಎಂದು ಮಾತಾಯಿತು. ಆ ಕಟ್ಟು ಇಲ್ಲದಿದ್ದರೆ ಈ ಕಥನವೇ ಇರುತ್ತಿರಲಿಲ್ಲ. ಅಂದೇ ವ್ಯಾಪಾರ ಮುಗಿದು ನಾನು ಕೆಳಗಿನ ದರ್ಶಿನಿಯಲ್ಲಿ ಖಾಲಿ ದೋಸೆ ತಿನ್ನುತ್ತಿದ್ದೆ.

ಹೊರಡುವಾಗ ನಂಜುಂಡಯ್ಯ ಹೆಮ್ಮೆಯಿಂದ ಫ್ಲೈವೀಲ್ ತಟ್ಟಿದರು. ಟ್ರಾಕ್ಟರಿನ ಶಕ್ತಿಯನ್ನು ಯಂತ್ರಕ್ಕೆ ಒಯ್ಯುವ ಭಾರಿ ಚಕ್ರ ಅದು. “ಇಲ್ಲೊಂದು ಬೋಲ್ಟು ಸಾರ್, ಶಿಯರ್ ಬೋಲ್ಟು. ಮೊದಲ ಸೀಸನ್ನಲ್ಲಿ ದಿನಕ್ಕೆರಡು ಸಲ ಕಟ್ಟಾಗೋದು. ತಲೆ ಕೆಟ್ಟೋಯ್ತು. ನಾನ್ ಬಿಡ್ತೀನಾ? ಅದರ ಅಪ್ಪನಂಥ ಬೋಲ್ಟ್ ತಂದು ಹಾಕಿದೆ. ಎರಡನೇ ಸೀಸನ್ ಪೂರ್ತಿ ಒಂದು ಸಲಾನೂ ಮುರೀಲಿಲ್ಲ!”

ನಾನು ಅಲ್ಲೇ ಬಗ್ಗಿದೆ. ಟಾರ್ಚಿನ ಬೆಳಕು ಬಿಟ್ಟು ಬೋಲ್ಟಿನ ತಲೆಯ ಮೇಲಿನ ಗುರುತು ಓದಿದೆ. ಇರಬೇಕಾದದ್ದಕ್ಕಿಂತ ಬಹಳ ಗಟ್ಟಿ ದರ್ಜೆಯದು. ಆ ಬೋಲ್ಟ್ ಇರುವುದೇ ಮುರಿಯಲಿಕ್ಕೆ. ಹುಲ್ಲು ಗಂಟಾಗಿ ಸಿಕ್ಕಿಕೊಂಡಾಗ ಮೊದಲು ಅದು ಮುರಿದು, ಫ್ಲೈವೀಲ್ ಸುಮ್ಮನೆ ತಿರುಗಿ, ಒಳಗಿನ ಗೇರ್‌ಬಾಕ್ಸ್ ಉಳಿಯಬೇಕು. ಮನೆಯ ಫ್ಯೂಸ್ ಪದೇಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತಿದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಬೋಲ್ಟು ತಿನ್ನಬೇಕಿದ್ದ ಏಟನ್ನೆಲ್ಲ ಇಡೀ ಒಂದು ಸೀಸನ್ ಬೇರೆ ಯಾರೋ ತಿಂದಿದ್ದಾರೆ. ಯಾರು ಎಂಬುದೇ ಪ್ರಶ್ನೆ.

ಲಕ್ಷ್ಮಕ್ಕನಿಗೆ ಹೇಳಿದೆ. ಅವರು ನಕ್ಕುಬಿಟ್ಟರು. “ಲೋ, ಮುರಿಯೋ ಬೋಲ್ಟ್ ಒಳ್ಳೇದು, ಗಟ್ಟಿ ಬೋಲ್ಟ್ ಕೆಟ್ಟದ್ದಾ? ಯಾರ್ ಹತ್ರ ತಮಾಷೆ ಮಾಡ್ತಿದ್ದೀಯ?”

“ತಮಾಷೆ ಅಲ್ಲ ಅಕ್ಕ.”

“ಈಗ ತಾನೆ ಆ ಯಮ್ಮಂಗೆ ಅಡುಗೆಮನೆ ಪಕ್ಕ ಮೆಟ್ರೋ ಬಿಟ್ಟೆಯಲ್ಲೋ!”

ನಂಜುಂಡಯ್ಯ ಇನ್ನೂ ನಯವಾಗಿ ಚುಚ್ಚಿದರು: “ಹುಡುಗ ಆರ್ಕೆಸ್ಟ್ರಾದಲ್ಲಿ ಚೆನ್ನಾಗ್ ಮಾಡ್ತಾನೆ ಕಣಮ್ಮ, ನೋಡಿದ್ದೀನಿ. ನೀವು ಮೂರ್ತಿಯೋರ್ನೇ ಕರೆಸಿ.”

ಬನಶಂಕರಿಗೆ ಹೋಗಿ ಮೂರ್ತಿ ಸಾರ್ ಮುಂದೆ ಎಲ್ಲ ಒಪ್ಪಿಸಿದೆ. ಅವರು ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ಚಾಚಿದ ಕಾಲನ್ನೊಮ್ಮೆ ನೋಡಿಕೊಂಡು, “ಏನಪ್ಪಾ ಅಂದ್ರೆ, ನಾನು ನೋಡ್ದೇ ಇರೋ ಮೆಷಿನ್ನಿಗೆ ನಾನು ಸಹಿ ಹಾಕಲ್ಲ. ಬರಿ. ನೀನೇ ಸಹಿ ಹಾಕು,” ಎಂದರು. ಮೂರು ವರ್ಷದಿಂದ ಬಯಸಿದ್ದು ಸಿಕ್ಕಿತ್ತು. ಆದರೆ ಪಾಯಸದ ಲೋಟ ಕೈಗೆ ಕೊಟ್ಟು ತಂತಿಯ ಮೇಲೆ ನಡೆ ಅಂದ ಹಾಗಿತ್ತು. ಯಂತ್ರ ಸರಿಯಿಲ್ಲ ಎಂದು ಬರೆದು ಅದು ಸರಿಯಿದ್ದರೆ, ಲಕ್ಷ್ಮಕ್ಕನ ಸೀಸನ್ ಹಾಳು ಮಾಡಿದವನು ನಾನು. ಸರಿಯಿದೆ ಎಂದು ಬರೆದು ಗದ್ದೆ ಮಧ್ಯೆ ಗೇರ್‌ಬಾಕ್ಸ್ ಒಡೆದರೂ ನಾನೇ.

ದಾರಿ ಒಂದೇ: ಹುಲ್ಲು ತಿನ್ನಿಸಿ ಓಡಿಸಬೇಕು. ಖಾಲಿ ಯಂತ್ರ ಎಲ್ಲರ ಮುಂದೂ ಸಭ್ಯವಾಗಿಯೇ ಇರುತ್ತದೆ, ಹೆಣ್ಣು ನೋಡಲು ಹೋದ ಗಂಡಿನ ಹಾಗೆ. ಭಾರ ಬಿದ್ದಾಗಲೇ ಅದರ ನಿಜ ಗುಣ. ನಂಜುಂಡಯ್ಯ ಧೈರ್ಯವಾಗಿ ಒಪ್ಪಿದರು: “ಎಷ್ಟ್ ಬೇಕಾದ್ರೂ ತಿನ್ಸಿ.”

ಆದರೆ ಕುಮಾರಸ್ವಾಮಿ ಲೇಔಟಿನಲ್ಲಿ ಟನ್ನುಗಟ್ಟಲೆ ಹುಲ್ಲು ಎಲ್ಲಿ ಸಿಗಬೇಕು? ಮಡಿವಾಳ ಮಾರ್ಕೆಟ್ಟಿನಲ್ಲಿ ವಿಚಾರಿಸಿದರೆ ಹಣ್ಣಿನ ಬುಟ್ಟಿಗೆ ಹಾಸುವಷ್ಟು ಸಿಕ್ಕಿತು. ಅದು ಬೇಲರಿನ ಹಲ್ಲಿನ ಸಂದಿಗೂ ಸಾಲದು. ಕೊನೆಗೆ ಲಕ್ಷ್ಮಕ್ಕನ ಹಿತ್ತಲಿಗೇ ಹೋದೆ. ಅಲ್ಲಿ ಮೆದೆ ಎದ್ದಿತ್ತು. ಮಡಿವಾಳದ ಹಳೇ ಊರಲ್ಲಿ ಈಗಲೂ ಸಂಕ್ರಾಂತಿ ಸಂಜೆ ಹಸುಗಳನ್ನು ಕಿಚ್ಚು ಹಾಯಿಸುತ್ತಾರೆ. ಬೀದಿಗೆ ಅಡ್ಡಲಾಗಿ ಹುಲ್ಲು ಹರಡಿ, ಬೆಂಕಿ ಹಚ್ಚಿ, ಸಿಂಗರಿಸಿದ ದನಗಳನ್ನು ಅದರ ಮೇಲೆ ಹಾರಿಸುತ್ತಾರೆ. ಅದಕ್ಕೆ ಹುಲ್ಲು ಲಕ್ಷ್ಮಕ್ಕನ ಮನೆಯದೇ.

“ಕಿಚ್ಚಿನ ಹುಲ್ಲು ಕೇಳ್ತಿದ್ದಾನೆ ನೋಡಿ!” ಎಂದು ಮೈದುನ ಬಾಬು ಕೂಗಾಡಿದ. “ಅತ್ಗೆ, ಇವ್ನು ಮಾತಾಡಿದ್ರೆ ನಂಗೆ ರೇಡಿಯೋ ಕೇಳ್ದಂಗಾಗುತ್ತೆ. ಇವ್ನ ಮಾತು ಕಟ್ಕೊಂಡು ಹಬ್ಬದ ಹುಲ್ಲು ಕೊಡ್ತೀರಾ?”

ನಾನು ಅಂದು ಯಾರ ದನಿಯನ್ನೂ ಅನುಕರಿಸಲಿಲ್ಲ. ನನ್ನ ಸ್ವಂತ ದನಿಯಲ್ಲಿ ಹೇಳಿದೆ. ಅಪರೂಪಕ್ಕೆ ಬಳಸುವ ವಸ್ತು, ಸ್ವಲ್ಪ ನಡುಗಿತು. “ಅಕ್ಕ, ಹುಲ್ಲು ಬೂದಿ ಆಗಲ್ಲ, ಕಟ್ಟಿ ವಾಪಸ್ ಕೊಡ್ತೀನಿ. ಹಬ್ಬದ ದಿನ ಬಿಚ್ಚಿ ಹರಡಿ. ನಾನು ಹೇಳಿದ್ದು ಸುಳ್ಳಾದ್ರೆ ಅವತ್ತೇ ಅಡ್ವಾನ್ಸ್ ಕೊಡಿ, ವರದಿಗೆ ನನಗೇನೂ ಕೊಡ್ಬೇಡಿ.”

ಲಕ್ಷ್ಮಕ್ಕ ಒಂದು ಹಿಡಿ ಹುಲ್ಲೆತ್ತಿ ಮೂಸಿ, ಕೆಳಗೆ ಹಾಕಿದರು. “ಬಾಬು, ಲಾರಿ ಹೇಳು.”

ಸಂಕ್ರಾಂತಿಯ ಹಿಂದಿನ ದಿನ, ಭೋಗಿಯ ಬೆಳಿಗ್ಗೆ ಲೇಔಟಿನ ಅಂಚಿನ ಮೈದಾನದಲ್ಲಿ ಹುಲ್ಲನ್ನು ಉದ್ದಕ್ಕೆ ಸಾಲು ಹಾಕಿದೆವು. ಕ್ರಿಕೆಟ್ ಆಡುತ್ತಿದ್ದವರು ಪಿಚ್ ಹಾಳಾಗುತ್ತದೆಂದು ಜಗಳ ತೆಗೆದು, ಯಂತ್ರ ಕಂಡ ಮೇಲೆ ತಾವೇ ಹುಲ್ಲು ಹರಡಲು ನಿಂತರು. ಅರ್ಧ ಬೀದಿ ಬಂದಿತ್ತು. ಟ್ರಾಕ್ಟರ್ ಹತ್ತಿದವರು ಸ್ವತಃ ನಂಜುಂಡಯ್ಯ, ಇಸ್ತ್ರಿ ಮಾಡಿದ ಬಿಳೀ ಶರ್ಟಿನಲ್ಲಿ.

ಮೊದಲ ಹೊರೆ ಚೆನ್ನಾಗಿಯೇ ಬಂತು. ಚೌಕವಾಗಿ, ಬಿಗಿಯಾಗಿ, ಎಲ್ಲ ದಾರವೂ ಗಂಟು ಬಿದ್ದು. ಜನ ಶಿಳ್ಳೆ ಹೊಡೆದರು. ಬಾಬು ನನ್ನನ್ನು ನೋಡಿ, “ಏನ್ ಗುರು, ವಾಲ್ಯೂಮ್ ಕಮ್ಮಿ ಆಯ್ತು?” ಎಂದ.

ಎರಡನೇ ಸಾಲಿಗೆ ಹುಲ್ಲನ್ನು ದಪ್ಪಗೆ ಹಾಕಿಸಿದೆ, ಗದ್ದೆಯಲ್ಲಿ ನಿಜವಾಗಿ ಬೀಳುವ ಹಾಗೆ. ಯಂತ್ರದಿಂದ ದೂರ ನಿಂತು ಕಣ್ಣು ಮುಚ್ಚಿದೆ. ಸಿಂಧನೂರಿನ ಯಂತ್ರದ ಸದ್ದು ನನ್ನ ಗಂಟಲಲ್ಲೇ ಇತ್ತು: ಧಡಂ, ಹುಸ್. ಧಡಂ, ಹುಸ್. ಇಲ್ಲಿಯೂ ಅದೇ. ಆದರೆ ಭಾರ ಏರಿದ ಹಾಗೆ ಧಡಂ ಮತ್ತು ಹುಸ್ ನಡುವೆ ಇನ್ನೊಂದು ಬಂದು ಕೂತಿತು. ಧಡಂ, ಕಟ್, ಹುಸ್. ಸಣ್ಣದು. ಒಂದು ಏಟು ಬಿಟ್ಟು ಇನ್ನೊಂದಕ್ಕೆ. ಆಮೇಲೆ ಪ್ರತಿ ಸಲವೂ.

“ನಿಲ್ಸಿ!” ಎಂದು ಕೈ ಬೀಸಿದೆ.

ನಂಜುಂಡಯ್ಯ ನಿಲ್ಲಿಸಿ ಇಳಿದು ಬಂದರು. “ಏನಾಯ್ತು? ಚೆನ್ನಾಗೇ ಹೋಗ್ತಿತ್ತಲ್ಲ.”

“ಸದ್ದು ಕೇಳಿಸ್ಲಿಲ್ವಾ ಸಾರ್?”

ಯಾರಿಗೂ ಕೇಳಿರಲಿಲ್ಲ. ಅಷ್ಟು ಗದ್ದಲದಲ್ಲಿ ಕೇಳುವುದು ಸುಲಭವೂ ಅಲ್ಲ. ಲಕ್ಷ್ಮಕ್ಕ ತಲೆಯಾಡಿಸಿದರು, “ನಂಗೆಲ್ಲಾ ಒಂದೇ ಥರ ಕೇಳ್ತಪ್ಪ.” ಆ ದನಿಯಲ್ಲಿ ನನ್ನ ಬಗ್ಗೆ ಕನಿಕರವಿತ್ತು, ಅದೇ ಕಷ್ಟ.

ಆಗ ನನಗೆ ಗೊತ್ತಿದ್ದ ಒಂದೇ ಒಂದು ವಿದ್ಯೆಯನ್ನು ಮಾಡಿದೆ. ಅರ್ಧ ಬೀದಿಯ ಮುಂದೆ, ಮೈದಾನದ ನಡುವೆ ನಿಂತು, ಎದೆ ತುಂಬ ಗಾಳಿ ಎಳೆದುಕೊಂಡು ಬೇಲರ್ ಆದೆ. ಮೊದಲು ಆರೋಗ್ಯವಾಗಿರುವ ಬೇಲರ್. ಜನ ಬಿದ್ದು ಬಿದ್ದು ನಕ್ಕರು. ಲಕ್ಷ್ಮಕ್ಕನ ಮುಖ ನೋಡುತ್ತಲೇ ಮುಂದುವರಿಸಿದೆ. ಆಮೇಲೆ ಈ ಬೇಲರ್, ನಿಧಾನವಾಗಿ, ನಡುವಿನ ಆ ‘ಕಟ್’ ಸಹಿತ. ಮತ್ತೆ ಮೊದಲನೆಯದು, ಮತ್ತೆ ಎರಡನೆಯದು. ನಗು ಹಾಗೇ ತೆಳುವಾಯಿತು.

“ಈಗ ಇನ್ನೊಂದ್ಸಲ ಓಡ್ಸಿ ಸಾರ್,” ಎಂದೆ. “ಅಕ್ಕ, ಆ ಮಧ್ಯದ್ದೊಂದನ್ನೇ ಹುಡುಕಿ. ಬೇರೆ ಏನೂ ಕೇಳಿಸ್ಕೋಬೇಡಿ.”

ಯಂತ್ರ ಮತ್ತೆ ಹುಲ್ಲು ಬಾಚಿಕೊಂಡಿತು. ಲಕ್ಷ್ಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆ ಓರೆ ಮಾಡಿ ನಿಂತರು. ಹತ್ತು ಏಟು ಹೋಯಿತು. ಆಮೇಲೆ ಅವರ ಕೈ ಮೇಲಕ್ಕೆದ್ದಿತು.

“ಕುಂಟ್ತಾ ಐತೆ,” ಎಂದರು. “ಕಾಲಲ್ಲಿ ಮುಳ್ಳು ಹೊಕ್ಕ ಹಸು ಹಿಂಗೇ ಹೆಜ್ಜೆ ಹಾಕೋದು. ನಂಜುಂಡಯ್ಯನೋರೇ, ನಿಲ್ಸಿ. ಬಿಚ್ಚಿ ನೋಡಣ.”

ಫ್ಲೈವೀಲ್ ಪೂರ್ತಿ ನಿಲ್ಲುವವರೆಗೆ ಕಾದು, ಗೇರ್‌ಬಾಕ್ಸಿನ ಎಣ್ಣೆ ಇಳಿಸಿದೆವು. ಬಾಣಲೆಗೆ ಬಿದ್ದ ಎಣ್ಣೆ ಬಿಸಿಲಿಗೆ ಮಿನುಗಿತು. ಅಕ್ಕಸಾಲಿಗ ಕೈ ತೊಳೆದ ನೀರಿನ ಹಾಗೆ ಲೋಹದ ಪುಡಿ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ಒಳಗಿನ ದೊಡ್ಡ ಗೇರಿನಲ್ಲಿ ಒಂದು ಹಲ್ಲಿನ ಮೂಲೆ ಮುರಿದಿತ್ತು, ಅದರ ಪಕ್ಕದ ಹಲ್ಲಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು. ಗದ್ದೆಗಿಳಿದಿದ್ದರೆ ಹೆಚ್ಚು ದಿನ ಬಾಳುತ್ತಿರಲಿಲ್ಲ. ಒಂದು ಹಲ್ಲು ಕಳಚಿದರೆ ಗೇರ್‌ಬಾಕ್ಸ್ ಅಷ್ಟನ್ನೂ ಅಗಿದುಹಾಕುತ್ತದೆ.

ನಂಜುಂಡಯ್ಯ ಬಗ್ಗಿ ನೋಡಿದರು. ಬಿಳೀ ಶರ್ಟಿಗೆ ಗ್ರೀಸು ಹತ್ತಿದ್ದೂ ಅವರಿಗೆ ತಿಳಿಯಲಿಲ್ಲ. ಅವರು ಮೋಸಗಾರರಲ್ಲ, ಮೋಸಗಾರರಾಗಿದ್ದರೆ ಆ ಬೋಲ್ಟಿನ ಬಗ್ಗೆ ಬಾಯಿಯನ್ನೇ ಬಿಡುತ್ತಿರಲಿಲ್ಲ. “ಗಟ್ಟಿ ಮಾಡ್ದೆ ಅನ್ಕೊಂಡಿದ್ನಲ್ಲಪ್ಪ ನಾನು,” ಎಂದರು. ಆಮೇಲೆ ಲಕ್ಷ್ಮಕ್ಕನ ಕಡೆ ತಿರುಗಿ, “ನಿಮಗೆ ಇದನ್ನ ಹಿಂಗೆ ಕೊಡಲ್ಲಮ್ಮ. ಗೇರ್ ತರಿಸ್ತೀನಿ. ಬೇರೆ ಯಾರಿಗೂ ಮಾರಲ್ಲ,” ಎಂದರು.

ವರದಿಯನ್ನು ಅಂದೇ ಬರೆದು ಮೂರ್ತಿ ಸಾರ್‌ಗೆ ತೋರಿಸಿದೆ. ಅವರು ಎರಡು ಕಡೆ ಕಾಗುಣಿತ ತಿದ್ದಿಸಿ, “ಆ ಸದ್ದು ಒಂದ್ಸಲ ಮಾಡು,” ಎಂದರು. ಮಾಡಿದೆ. “ಕೋತಿ,” ಎಂದು ನಕ್ಕು ನನ್ನ ಕೈಗೆ ತಮ್ಮದೇ ಪೆನ್ನು ಕೊಟ್ಟರು. ಅವರು “ಏನಪ್ಪಾ ಅಂದ್ರೆ” ಇಲ್ಲದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಂಕ್ರಾಂತಿಯ ದಿನ ಅಡ್ವಾನ್ಸ್ ಕೊಡುವ ಮಾತು ನಿಂತುಹೋಯಿತು. ಲಕ್ಷ್ಮಕ್ಕ ಆ ಸೀಸನ್ನಿನಲ್ಲಿ ಬಾಡಿಗೆಯ ಸಣ್ಣ ಬೇಲರ್‌ಗಳಿಂದ ಉರುಳೆ ಕಟ್ಟಿಸಿ, ಲಾರಿಯ ಓಡಾಟ ಹೆಚ್ಚಾದರೂ ಡೈರಿಗಳಿಗೆ ಕೊಟ್ಟ ಮಾತು ತಪ್ಪಲಿಲ್ಲ. ಮುಂದಿನ ವರ್ಷ ಹೊಸ ಗೇರ್ ಕೂರಿಸಿ, ಸರಿಯಾದ ದರ್ಜೆಯ ಶಿಯರ್ ಬೋಲ್ಟ್ ಹಾಕಿ, ನಾನು ಎರಡು ದಿನ ಹುಲ್ಲು ತಿನ್ನಿಸಿ ನೋಡಿದ ಮೇಲೆ ಅದೇ ಬೇಲರನ್ನು ನಂಜುಂಡಯ್ಯನವರಿಂದಲೇ ಕೊಂಡರು.

ಆ ಸಲ ಗದ್ದೆಗಿಳಿದ ಮೊದಲ ದಿನವೇ ಫೋನ್ ಬಂತು. ಹಿಂದೆ ಟ್ರಾಕ್ಟರಿನ ಸದ್ದು, ಜನರ ಕೂಗು. “ಲೋ ಮಗಾ, ಮುರೀತು ಕಣೋ!” ಎಂದು ಲಕ್ಷ್ಮಕ್ಕ ಕಿರುಚುತ್ತಿದ್ದರು. ಯಾರೋ ಸಾಲಿನಲ್ಲಿ ಬಿಟ್ಟ ಒದ್ದೆ ಹುಲ್ಲಿನ ಗುಡ್ಡೆಗೆ ಸಿಕ್ಕಿ ಬೋಲ್ಟು ಕಟ್ ಎಂದು ಮುರಿದು, ಯಂತ್ರ ಸುಮ್ಮನೆ ನಿಂತಿತ್ತು. ಬಾಬು ಇನ್ನೊಂದು ಬೋಲ್ಟು ಹಾಕಿ, ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮತ್ತೆ ಓಡಿಸುತ್ತಿದ್ದ. ಒಂದು ಯಂತ್ರ ಕೆಟ್ಟಿತೆಂದು ನಾನು ಫೋನ್ ಹಿಡಿದು ಅಷ್ಟು ಸಂತೋಷಪಟ್ಟದ್ದನ್ನು ಕಂಡು ಕೆಳಗಿನ ದರ್ಶಿನಿಯವರು ನನಗೆ ಲಾಟರಿ ಹೊಡೆದಿದೆ ಎಂದುಕೊಂಡರು.

ಈಗ ನನ್ನ ವರದಿಗಳಿಗೆ ನಾನೇ ಸಹಿ ಹಾಕುತ್ತೇನೆ. ಆ ಕೇಸು ನನಗೆ ಒಂದು ಪ್ರಶ್ನೆ ಕಲಿಸಿಕೊಟ್ಟಿತು, ಇವತ್ತಿಗೂ ಮಾರುವವರನ್ನು ಮೊದಲು ಅದನ್ನೇ ಕೇಳುತ್ತೇನೆ: “ಇದು ಕೊನೇ ಸಲ ಕೆಟ್ಟಿದ್ದು ಯಾವಾಗ ಸಾರ್?” ಯಾವಾಗ ಕೆಟ್ಟಿತು, ಯಾಕೆ ಕೆಟ್ಟಿತು, ಯಾರು ರಿಪೇರಿ ಮಾಡಿದರು ಎಂದು ಬೈದುಕೊಂಡು ಉದ್ದಕ್ಕೆ ಹೇಳುವವರ ಯಂತ್ರವನ್ನು ಅರ್ಧ ನಂಬುತ್ತೇನೆ. “ಒಂದ್ಸಲಾನೂ ಕೆಟ್ಟಿಲ್ಲ” ಎಂದು ಎದೆ ತಟ್ಟಿಕೊಳ್ಳುವವರ ಮನೆಯಲ್ಲಿ, ಕೊಟ್ಟ ಕಾಫಿಯನ್ನು ನಿಧಾನವಾಗಿ ಕುಡಿದು, ಶರ್ಟಿನ ತೋಳು ಮಡಿಸುತ್ತೇನೆ.